ಮಮತೆಯೂ ತರಬೇತಿಯೂ

ಮಕ್ಕಳನ್ನು ನೋಡಿಕೊಳ್ಳಲು ಮಮತೆಯೊಂದಿದ್ದರೆ ಸಾಲದೆ, ಅದಕ್ಕೂ ತರಬೇತಿ ಬೇಕೆ ಎಂದು ಕೇಳುವವರುಂಟು. ಈ ಪ್ರಶ್ನೆಗೆ ಅಂಗನವಾಡಿಯ ತಕ್ಕಡಿಯೇ ಉತ್ತರ ಹೇಳಬಲ್ಲದು.

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ಪ್ರಾರಂಭವಾಯಿತು. ಕರ್ನಾಟಕದಲ್ಲಿ ಅದರ ಮೊದಲ ನೆಲೆ ತಿರುಮಕೂಡಲು ನರಸೀಪುರ. ಅಂಗನವಾಡಿಯ ಕಾರ್ಯಕರ್ತೆ ಮಗುವನ್ನು ತೂಗಿ, ವಯಸ್ಸಿಗೂ ತೂಕಕ್ಕೂ ಹೊಂದಿಸಿ, ಬೆಳವಣಿಗೆಯ ನಕ್ಷೆಯಲ್ಲಿ ಚುಕ್ಕೆಯಿಡುತ್ತಾಳೆ. ತಿಂಗಳು ತಿಂಗಳಿಗೆ ಆ ಚುಕ್ಕೆಗಳು ಕೂಡಿ ಒಂದು ಗೆರೆಯಾಗುತ್ತದೆ. ಮೇಲೇರಬೇಕಾದ ಗೆರೆ ಅಡ್ಡಲಾಗಿ ಸಾಗಿತೆಂದರೆ ಅದೇ ಮೊದಲ ಎಚ್ಚರಿಕೆ. ಮಗು ಆಗಲೂ ಅಂಗಳದಲ್ಲಿ ಆಡುತ್ತಲೇ ಇರಬಹುದು. ಅದರ ಸೊರಗುವಿಕೆ ತಾಯಿಯ ಕಣ್ಣಿಗೆ ಬೀಳುವ ವೇಳೆಗೆ ಬಹಳ ತಡವಾಗಿರುತ್ತದೆ.

2008ರಲ್ಲಿ ಆ ನಕ್ಷೆಯೇ ಬದಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಮಾನದಂಡವನ್ನು ನಮ್ಮ ದೇಶ ಒಪ್ಪಿಕೊಂಡಿತು. ಗಂಡುಮಗುವಿಗೊಂದು, ಹೆಣ್ಣುಮಗುವಿಗೊಂದು ನಕ್ಷೆ ಬಂದವು. ಹಳೆಯ ಗೆರೆಗಳನ್ನಷ್ಟೇ ಬಲ್ಲವಳು, ಎಷ್ಟೇ ಅಕ್ಕರೆಯುಳ್ಳವಳಾದರೂ, ಸೊರಗುತ್ತಿರುವ ಮಗುವನ್ನು ಸುಸ್ಥಿತಿಯಲ್ಲಿದೆಯೆಂದು ಬರೆದುಬಿಟ್ಟಾಳು.

ಆದುದರಿಂದಲೇ ಕೆಲಸಕ್ಕೆ ಸೇರಿದಾಗ ದೊರೆತ ತರಬೇತಿ ಜೀವಮಾನವಿಡೀ ಸಾಲದು. ಆಗಾಗ ಪುನಶ್ಚೇತನ ತರಬೇತಿ ನಡೆಯಬೇಕು. ಮಮತೆ ತಾನಾಗಿ ಒಲಿದು ಬಂದೀತು. ಗೆರೆಯನ್ನು ಓದುವ ಬಗೆಯನ್ನು ಮಾತ್ರ ಕಲಿಯಬೇಕು, ಕಲಿತದ್ದನ್ನು ಕಾಲಕಾಲಕ್ಕೆ ತಿದ್ದಿಕೊಳ್ಳಬೇಕು.