ನೀರು ಶುದ್ಧ, ಮುಚ್ಚಳ?

ಕಳೆದ ಆಷಾಢದಲ್ಲಿ ಖಾನಾಪುರದ ತಾಯಿಯೊಬ್ಬರು ತಮ್ಮ 13 ವರ್ಷದ ಮಗನನ್ನು ಬೆಳಗಾವಿಯ ನಮ್ಮ ಚಿಕಿತ್ಸಾಲಯಕ್ಕೆ ಮೂರು ವಾರಗಳಲ್ಲಿ ಮೂರನೆಯ ಬಾರಿ ಕರೆತಂದಿದ್ದರು. ಹುಡುಗ ಶಾಲೆಯ ಕಬಡ್ಡಿ ತಂಡದವನು. ಬೆಳಗ್ಗೆ ಓಟ, ಸಂಜೆ ಅಭ್ಯಾಸ. ಗಂಟಲು ಕೆರೆತ, ಬಾಯಿಯಲ್ಲಿ ಕೆಟ್ಟ ರುಚಿ, ಆಗಾಗ ಹೊಟ್ಟೆ ತೊಳಸುವುದು ಇವು ಮರುಕಳಿಸುತ್ತಲೇ ಇದ್ದವು. ಮೊದಲೆರಡು ಸಲ ನಾವು ಇದನ್ನು ಮಳೆಗಾಲದ ಅಗ್ನಿಮಾಂದ್ಯವೆಂದು ಬಗೆದು ಔಷಧಿ ಕೊಟ್ಟು ಕಳುಹಿಸಿದ್ದೆವು. ಈ ಸಲ ನಾವು ತಾಯಿಯೊಡನೆ ಮಾತನಾಡುತ್ತಿರುವಾಗ ಹುಡುಗನು ಚೀಲದಿಂದ ಬಾಟಲಿ ತೆಗೆದು ನೀರು ಕುಡಿದನು. ಮುಚ್ಚಳ ತೆರೆದೊಡನೆ ಹಸಿ ಗೋಣಿಚೀಲದಂತಹ ವಾಸನೆ ಮೇಜಿನ ಈಚೆಗೂ ಬಂದಿತು.

“ಬಾಟ್ಲಿ ದಿನಾ ತೊಳೀತೇನ್ರೀ ಸಾಹೇಬ್ರ, ನೀರೂ ಕಾಸಿ ಆರಿಸಿನ ಹಾಕ್ತೇನ್ರೀ” ಎಂದರು ತಾಯಿ. ಅವರ ಮಾತು ನಿಜವೇ ಆಗಿತ್ತು. ಬಾಟಲಿಯ ಒಳಮೈ ಸ್ವಚ್ಛವಾಗಿತ್ತು. ನಮ್ಮಲ್ಲಿ ಔಷಧಿ ಕಟ್ಟಿಕೊಡುವ ಹುಡುಗಿ ತನ್ನ ಹೇರ್‌ಪಿನ್ನಿನ ತುದಿಯಿಂದ ಮುಚ್ಚಳದೊಳಗಿನ ರಬ್ಬರ್ ವಾಷರನ್ನು ಮೆಲ್ಲನೆ ಎಬ್ಬಿಸಿದಳು. ಅದರ ಅಡಿಯಲ್ಲಿ ಕಪ್ಪು ಬೂಷ್ಟು ಉಂಗುರದಂತೆ ಸುತ್ತಲೂ ಬೆಳೆದಿತ್ತು. ಆ ವಾಷರ್ ಬಿಚ್ಚಿ ಬರುತ್ತದೆ ಎಂಬುದೇ ತಾಯಿಗೆ ತಿಳಿದಿರಲಿಲ್ಲ. ಸತ್ಯವನ್ನೇ ಹೇಳುವುದಾದರೆ ನಮಗೂ ತಿಳಿದಿರಲಿಲ್ಲ. ಆಹಾರ, ನಿದ್ರೆ, ಮಲಪ್ರವೃತ್ತಿಗಳನ್ನೆಲ್ಲ ವಿಚಾರಿಸುವ ನಾವು ನೀರು ಕುಡಿಯುವ ಪಾತ್ರೆಯನ್ನು ಒಮ್ಮೆಯೂ ವಿಚಾರಿಸಿರಲಿಲ್ಲ.

ಈಗ ಶಾಲೆಯ ಮಕ್ಕಳು, ಮೈದಾನಕ್ಕೆ ಹೋಗುವ ತರುಣರು, ಮುಂಜಾನೆ ನಡೆಯುವ ಹಿರಿಯರು ಎಲ್ಲರ ಕೈಯಲ್ಲಿಯೂ ಇಂತಹ ಬಾಟಲಿಗಳಿವೆ. ಉಳವಿಗೋ ಶ್ರೀಶೈಲಕ್ಕೋ ಪಾದಯಾತ್ರೆ ಹೊರಡುವ ಭಕ್ತರ ಹೆಗಲಿನಲ್ಲಿಯೂ ಇವೆ. ಕೊಂಡ ನೀರಿನ ತೆಳು ಪ್ಲಾಸ್ಟಿಕ್ ಬಾಟಲಿಯನ್ನು ದಾರಿಯುದ್ದಕ್ಕೂ ಎಸೆಯುವುದಕ್ಕಿಂತ ಇದು ಎಷ್ಟೋ ಮೇಲು. ಆದುದರಿಂದ ಬಾಟಲಿ ಬಿಡಿರೆಂದು ನಾವು ಹೇಳುವುದಿಲ್ಲ.

ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆಯೂ ಇರುತ್ತವೆ. ಅವು ಬೆಳೆಯಲು ತೇವ ಮತ್ತು ಸ್ವಲ್ಪ ಆಹಾರ ಸಾಕು. ಬಾಯಿ ಹಚ್ಚಿ ಕುಡಿಯುವಾಗ ಪ್ರತಿ ಗುಟುಕಿಗೂ ಜೊಲ್ಲು ಮತ್ತು ಆಹಾರದ ಕಣಗಳು ಹಿಂದಕ್ಕೆ ಸೇರುತ್ತವೆ, ಅದೇ ಆಹಾರ. ಆಟಗಾರರು ಬೆರೆಸುವ ಗ್ಲೂಕೋಸ್ ಪುಡಿ, ಲಿಂಬೆ ಶರಬತ್ತು ಇದ್ದರಂತೂ ಹಬ್ಬದ ಊಟವೇ ಸರಿ. ಮೊದಲು ಬ್ಯಾಕ್ಟೀರಿಯಾಗಳು ಒಳಮೈಗೆ ತೆಳುವಾದ ಲೋಳೆ ಪದರವನ್ನು ಹಾಸುತ್ತವೆ. ಬೆರಳು ಆಡಿಸಿದಾಗ ಜಾರುವುದು ಇದೇ. ಬರಿಯ ನೀರು ಕುಲುಕಿ ಚೆಲ್ಲಿದರೆ ಈ ಪದರ ಹೋಗದು, ಉಜ್ಜಲೇಬೇಕು. ಗುಲಾಬಿ ಬಣ್ಣದ ಪಾಚಿಯಂತೆ ಕಾಣುವುದು ಬಹುತೇಕ ಬ್ಯಾಕ್ಟೀರಿಯಾ. ಕಪ್ಪು ಚುಕ್ಕೆಗಳು ಸಾಮಾನ್ಯವಾಗಿ ಬೂಷ್ಟು.

ನಮ್ಮ ಸೀಮೆಯ ಹವೆ ಇದಕ್ಕೆ ಒತ್ತಾಸೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯಲ್ಲಿ ಬಿಸಿಲು ಕಾಣುವುದೇ ಅಪರೂಪ. ಖಾನಾಪುರ ತಾಲೂಕಿನ ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿಗಳ ಕಡೆ ಒಗೆದ ಬಟ್ಟೆ ದಿನಗಟ್ಟಲೆ ಒಣಗದು. ಮೂಲೆಗಿಟ್ಟ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅಂತಹ ಹವೆಯಲ್ಲಿ ತೊಳೆದು ಒದ್ದೆಯಿರುವಾಗಲೇ ಮುಚ್ಚಳ ಬಿಗಿದ ಬಾಟಲಿಯೆಂದರೆ ಬೂಷ್ಟಿಗೆ ನಾವೇ ಮನೆ ಕಟ್ಟಿಕೊಟ್ಟಂತೆ. ಆ ತಾಯಿ ತೊಳೆಯುವುದರಲ್ಲಿ ತಪ್ಪಲಿಲ್ಲ, ತಪ್ಪಿದ್ದು ಒಣಗಿಸುವುದರಲ್ಲಿ.

ಕಾಯಿಸಿ ಆರಿಸಿದ ನೀರು ಲಘುವೆಂದೂ, ಅದೇ ನೀರು ರಾತ್ರಿ ಕಳೆದು ಹಳಸಿದರೆ ಮೂರೂ ದೋಷಗಳನ್ನು ಕೆರಳಿಸುವುದೆಂದೂ ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ಹೇಳಿದ್ದಾರೆ. ಕಲಕಿದ ನೀರನ್ನು ತಿಳಿಗೊಳಿಸುವ ಏಳು ವಸ್ತುಗಳಲ್ಲಿ ಸುಶ್ರುತರು ಚಿಲ್ಲದ ಬೀಜವನ್ನೂ ಬಟ್ಟೆಯನ್ನೂ ಎಣಿಸುತ್ತಾರೆ. ರಬ್ಬರ್ ವಾಷರನ್ನು ಅವರಾರೂ ಕಂಡವರಲ್ಲ. ಎಲ್ಲವೂ ನಮ್ಮ ಗ್ರಂಥಗಳಲ್ಲಿಯೇ ಇದೆಯೆಂದು ವಾದಿಸುವ ಚಪಲವೂ ನಮಗಿಲ್ಲ. ಆದರೆ ನಿನ್ನೆಯ ನೀರನ್ನು ಇಂದು ಕುಡಿಯಬೇಡವೆಂಬ ಮಾತು ಬಾಟಲಿಗೂ ಸಲ್ಲುತ್ತದೆ.

ಮಾಡಬೇಕಾದುದು ಹೆಚ್ಚೇನಿಲ್ಲ. ಸಂಜೆ ಮನೆಗೆ ಬಂದೊಡನೆ ಬಾಟಲಿಯನ್ನು ಚೀಲದಿಂದ ಹೊರತೆಗೆಯಿರಿ. ಉಳಿದ ನೀರನ್ನು ಗಿಡಕ್ಕೆ ಹಾಕಿರಿ. ಮುಚ್ಚಳ, ವಾಷರ್, ಹೀರುವ ಕೊಳವೆ, ಬಾಯಿಯ ತುಂಡು ಎಲ್ಲವನ್ನೂ ಬಿಡಿಸಿರಿ. ಪಾತ್ರೆ ತೊಳೆಯುವ ಸಾಬೂನು ಬೆರೆಸಿದ ಬಿಸಿನೀರಿನಲ್ಲಿ ಉದ್ದನೆಯ ಬ್ರಷ್‌ನಿಂದ ಬುಡದವರೆಗೂ ಉಜ್ಜಬೇಕು. ಕೊಳವೆಗೆ ಸಣ್ಣ ಬ್ರಷ್ ಬೇಕಾಗುತ್ತದೆ. ಬಾಟಲಿಯ ಬಾಯಿ ಕಿರಿದಾಗಿದ್ದರೆ ಒಂದು ಹಿಡಿ ಅಕ್ಕಿಯ ನುಚ್ಚು, ಸ್ವಲ್ಪ ಸಾಬೂನು ನೀರು ಹಾಕಿ ಚೆನ್ನಾಗಿ ಕುಲುಕಿರಿ. ನುಚ್ಚೇ ಬ್ರಷ್‌ನ ಕೆಲಸ ಮಾಡುತ್ತದೆ. ತೊಳೆದ ಮೇಲೆ ಬೋರಲು ಹಾಕಿ ನೀರಿಳಿಸಿ, ಅನಂತರ ಬಾಯಿ ಮೇಲಾಗಿ ಗಾಳಿಗಿಡಿ. ವಾಷರನ್ನು ಒಣಬಟ್ಟೆಯಿಂದ ಒರೆಸಿ ಬೇರೆಯಾಗಿಡಿ. ಪೂರ್ತಿ ಒಣಗುವ ತನಕ ಮುಚ್ಚಳ ಹಾಕಬೇಡಿ. ಮಳೆಗಾಲದಲ್ಲಿ ಒಂದು ರಾತ್ರಿಗೆ ಒಣಗುವುದಿಲ್ಲವಾದುದರಿಂದ ಎರಡು ಬಾಟಲಿಗಳಿರಲಿ: ಇಂದು ಒಂದು, ನಾಳೆ ಇನ್ನೊಂದು. ನಮ್ಮ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ವಾಸನೆ ಉಳಿದರೆ ಒಂದು ಪಾಲು ಬಿಳಿ ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ ರಾತ್ರಿಯಿಡೀ ನೆನೆಯಿಟ್ಟು ಬೆಳಗ್ಗೆ ತೊಳೆಯಿರಿ. ಅಥವಾ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿಡಿ. ಎರಡನ್ನೂ ಒಟ್ಟಿಗೆ ಸುರಿದರೆ ಬುರುಬುರು ನೊರೆ ಬರುವುದು ನೋಡಲು ಚೆಂದ. ಆದರೆ ಒಂದರ ಗುಣವನ್ನು ಇನ್ನೊಂದು ಕಳೆಯುತ್ತದೆ. ಬ್ಲೀಚ್ ದ್ರಾವಣವನ್ನು ವಿನೆಗರ್ ಜೊತೆಗಾಗಲಿ ಶೌಚಾಲಯದ ಆ್ಯಸಿಡ್ ಜೊತೆಗಾಗಲಿ ಎಂದಿಗೂ ಸೇರಿಸಕೂಡದು. ಏಳುವ ಕ್ಲೋರಿನ್ ಅನಿಲ ಶ್ವಾಸಕೋಶಕ್ಕೆ ವಿಷ. ದಿನಬಳಕೆಯ ಬಾಟಲಿಗೆ ಬ್ಲೀಚ್‌ನ ಅಗತ್ಯವೂ ಇಲ್ಲ, ಸ್ಟೀಲನ್ನಂತೂ ಅದು ತಿನ್ನುತ್ತದೆ.

“ಬೇವಿನ ಎಲೆ ಹಾಕಿಟ್ಟರೆ ಸಾಲದೇ?” ಎಂದು ಹಲವರು ಕೇಳುತ್ತಾರೆ. ಆಯುರ್ವೇದ ವೈದ್ಯರಾದ ನಾವೇ ಹೇಳುತ್ತೇವೆ, ಸಾಲದು. ಬಾಟಲಿಯಲ್ಲಿ ಕೊಳೆಯುವ ಎಲೆ ಬೂಷ್ಟಿಗೆ ಇನ್ನಷ್ಟು ಆಹಾರ.

ತಾಮ್ರದ ಬಾಟಲಿಯಲ್ಲಿ ಶರಬತ್ತು, ಮಜ್ಜಿಗೆ ಹಾಕಬಾರದು. ಅದನ್ನು ಹುಣಸೆ, ಉಪ್ಪಿನಿಂದ ತಿಕ್ಕಿ ಕೂಡಲೇ ತೊಳೆಯಬೇಕು, ಹುಳಿಯಲ್ಲಿ ನೆನೆಯಿಡಬಾರದು. ಖಾನಾಪುರದ ಮಣ್ಣು ಕುಂಬಾರಿಕೆಗೆ ಹೆಸರಾದುದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದೂ ಅಲ್ಲಿಯೇ. ಮಣ್ಣಿನ ಹೂಜಿ, ಬಾಟಲಿಗಳನ್ನು ಸಾಬೂನಿನಿಂದ ತೊಳೆಯದಿರಿ, ಸಣ್ಣ ರಂಧ್ರಗಳು ಅದನ್ನು ಹೀರಿಕೊಳ್ಳುತ್ತವೆ. ಬಿಸಿನೀರು ಹಾಕಿ ನಾರಿನಿಂದ ತಿಕ್ಕಿ ಬಿಸಿಲಿಗಿಟ್ಟರೆ ಸಾಕು. ಇವುಗಳ ಮುಚ್ಚಳದಲ್ಲಿಯೂ ವಾಷರ್ ಇದ್ದರೆ ಮೇಲೆ ಹೇಳಿದ ಕ್ರಮವೇ.

ತೊಳೆದರೂ ಕಪ್ಪು ಹೋಗದ ವಾಷರನ್ನು, ಒಳಗೆ ಗೀರು ಬಿದ್ದು ವಾಸನೆ ಹಿಡಿದ ಪ್ಲಾಸ್ಟಿಕ್ ಬಾಟಲಿಯನ್ನು ಮೋಹವಿಲ್ಲದೆ ಬಿಟ್ಟುಬಿಡಿ.

ತಿಳಿಯದೆ ಬೂಷ್ಟಿನ ನೀರು ಕುಡಿದವರು ಗಾಬರಿಯಾಗಬೇಕಿಲ್ಲ. ಆರೋಗ್ಯವಂತರಲ್ಲಿ ಹೆಚ್ಚಾಗಿ ಏನೂ ಆಗುವುದಿಲ್ಲ, ಆದರೆ ಓಕರಿಕೆ, ಹೊಟ್ಟೆ ಕೆಡುವಷ್ಟು ಇರಬಹುದು. ಉಬ್ಬಸ, ಅಲರ್ಜಿ ಇರುವವರು, ಹತೋಟಿಗೆ ಬಾರದ ಮಧುಮೇಹಿಗಳು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಹೆಚ್ಚಿನ ಎಚ್ಚರ ವಹಿಸಬೇಕು. ಏದುಸಿರು, ಜ್ವರ, ನಿಲ್ಲದ ವಾಂತಿ ಕಂಡರೆ ಕಷಾಯ ಕುದಿಸುತ್ತ ಕೂರದೆ ಆಸ್ಪತ್ರೆಗೆ ಹೋಗಿರಿ.

ಆ ಹುಡುಗ ಭಾದ್ರಪದದಲ್ಲಿ ಮತ್ತೆ ಬಂದನು, ಈ ಸಲ ಕಾಲು ಉಳುಕಿಸಿಕೊಂಡು. ಗಂಟಲಿನ ತೊಂದರೆ ಮರುಕಳಿಸಿರಲಿಲ್ಲ. ಔಷಧಿಯೂ ಜೊತೆಗೆ ನಡೆದಿದ್ದುದರಿಂದ ಬೂಷ್ಟೊಂದೇ ಕಾರಣವಾಗಿತ್ತೆಂದು ನಾವು ಹೇಳಲಾರೆವು. ಬಾಟಲಿ ತೋರಿಸೆಂದಾಗ ಮುಚ್ಚಳ ತಿರುಗಿಸಿ, ವಾಷರನ್ನು ತಾನೇ ಉಗುರಿನಿಂದ ಎಬ್ಬಿಸಿ ನಮ್ಮ ಮುಂದೆ ಹಿಡಿದನು. ಈಗ ನಮ್ಮಲ್ಲಿಗೆ ಬರುವ ಶಾಲಾಮಕ್ಕಳೆಲ್ಲರಿಗೂ ನಾಲಿಗೆ ನೋಡುವ ಮುನ್ನ ಬಾಟಲಿಯನ್ನೇ ಕೇಳುತ್ತೇವೆ.