ಫ್ಯಾನಿ ಹೆನ್ಸೆಲ್‌ಳ ಸಂಗೀತ ಕೃತಿಗಳು: ಕರ್ತೃತ್ವದ ಪ್ರಶ್ನೆ

ಕರ್ತೃತ್ವ ನಿರ್ಣಯವು ಗ್ರಂಥಸಂಪಾದನೆಯ ಮುಖ್ಯ ಸಮಸ್ಯೆಗಳಲ್ಲಿ ಒಂದು. ಕೃತಿಯ ಒಳಗಿನ ಹಾಗೂ ಹೊರಗಿನ ಪ್ರಮಾಣಗಳನ್ನು ತೂಗಿನೋಡಿ ವಿದ್ವಾಂಸರು ಈ ನಿರ್ಣಯಕ್ಕೆ ಬರುತ್ತಾರೆ. ಆದರೆ ಹಸ್ತಪ್ರತಿಯ ಮೇಲೆ ಹೆಸರು ಸ್ಪಷ್ಟವಾಗಿದ್ದಾಗಲೂ ಅದನ್ನು ಯಾರ ಹೆಸರೆಂದು ಓದುತ್ತೇವೆ ಎಂಬುದು ನಮ್ಮ ಪೂರ್ವಗ್ರಹಗಳನ್ನು ಅವಲಂಬಿಸಿರಬಹುದು. ಹತ್ತೊಂಬತ್ತನೆಯ ಶತಮಾನದ ಜರ್ಮನ್ ಸಂಗೀತ ಸಂಯೋಜಕಿ ಫ್ಯಾನಿ ಹೆನ್ಸೆಲ್‌ಳ ಬದುಕು ಮತ್ತು ಕೃತಿಗಳ ಹಿನ್ನೆಲೆಯಲ್ಲಿ ಈ ಅಂಶವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಫ್ಯಾನಿ 1805ರ ನವೆಂಬರ್ 14ರಂದು ಹ್ಯಾಂಬರ್ಗ್ ನಗರದಲ್ಲಿ ಜನಿಸಿ ಬರ್ಲಿನ್ನಿನಲ್ಲಿ ಬೆಳೆದಳು. ತತ್ತ್ವಜ್ಞಾನಿ ಮೋಸೆಸ್ ಮೆಂಡೆಲ್ಸನ್ ಆಕೆಯ ಅಜ್ಜ. ಪ್ರಸಿದ್ಧ ಸಂಯೋಜಕ ಫೆಲಿಕ್ಸ್ ಮೆಂಡೆಲ್ಸನ್ ಆಕೆಯ ತಮ್ಮ. ಇಬ್ಬರೂ ಝೆಲ್ಟರ್ ಎಂಬ ಒಬ್ಬನೇ ಗುರುವಿನಲ್ಲಿ ಸಂಯೋಜನೆಯನ್ನು ಕಲಿತರು. ಆಕೆ ಹದಿಮೂರರ ವಯಸ್ಸಿನಲ್ಲಿಯೇ ಬಾಖ್‌ನ 24 ಪ್ರೆಲ್ಯೂಡ್‌ಗಳನ್ನು ಸ್ವರಲಿಪಿಯನ್ನು ನೋಡದೆ ನುಡಿಸಿದ್ದಳು. ಆದರೆ 1820ರಲ್ಲಿ ತಂದೆ ಅಬ್ರಹಾಂ ಬರೆದ ಪತ್ರವೊಂದು ಇಬ್ಬರ ದಾರಿಗಳನ್ನೂ ಬೇರ್ಪಡಿಸಿತು. ಸಂಗೀತವು ಫೆಲಿಕ್ಸ್‌ಗೆ ವೃತ್ತಿಯಾಗಬಹುದು, ಫ್ಯಾನಿಗೆ ಮಾತ್ರ ಅದು ಅಲಂಕಾರವಾಗಿಯೇ ಉಳಿಯಬೇಕು ಎಂಬುದು ಅದರ ತಾತ್ಪರ್ಯ. ಇಲ್ಲಿ ಲಿಂಗದ ಜೊತೆಗೆ ವರ್ಗವೂ ಕೆಲಸಮಾಡಿದೆ. ಸಂಗೀತ ಶಿಕ್ಷಕನ ಮಗಳಾದ ಕ್ಲಾರಾ ಶೂಮನ್ ಅದೇ ಕಾಲದಲ್ಲಿ ಯುರೋಪಿನಾದ್ಯಂತ ವೃತ್ತಿಪರ ಕಛೇರಿಗಳನ್ನು ನೀಡಿದಳು. ಶ್ರೀಮಂತ ಸಾಹುಕಾರನ ಮಗಳಿಗೆ ಅದು ಗೌರವಕ್ಕೆ ಕುಂದೆನಿಸಿತು.

ಈ ನಿರ್ಬಂಧದ ನೇರ ಪರಿಣಾಮ ಆಕೆಯ ಆರಂಭದ ಪ್ರಕಟಣೆಗಳಲ್ಲಿ ಕಾಣುತ್ತದೆ. ಫೆಲಿಕ್ಸ್‌ನ ಎಂಟನೆಯ ಮತ್ತು ಒಂಬತ್ತನೆಯ ಸಂಖ್ಯೆಯ ಗೀತ ಸಂಕಲನಗಳಲ್ಲಿ ತಲಾ ಮೂರರಂತೆ ಫ್ಯಾನಿಯ ಆರು ಗೀತೆಗಳು ಆತನ ಹೆಸರಿನಲ್ಲಿಯೇ ಅಚ್ಚಾದವು. 1842ರಲ್ಲಿ ಬಕಿಂಗ್‌ಹ್ಯಾಂ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯು ಹಾಡಲು ಆರಿಸಿಕೊಂಡ ‘ಇಟಾಲಿಯೆನ್’ ಎಂಬ ಗೀತೆ ಅವುಗಳಲ್ಲೊಂದು. ಅದು ತನ್ನ ಅಕ್ಕನದೆಂದು ಫೆಲಿಕ್ಸ್ ರಾಣಿಯೆದುರು ಒಪ್ಪಿಕೊಂಡನು. ಆತ ಅಕ್ಕನ ಪ್ರತಿಭೆಯನ್ನು ಮನಸಾರೆ ಮೆಚ್ಚಿದ್ದವನು. ಆದರೂ ಆಕೆ ಕೃತಿಗಳನ್ನು ಪ್ರಕಟಿಸಲು ಪ್ರೋತ್ಸಾಹಿಸುವುದಿಲ್ಲವೆಂದು 1837ರಲ್ಲಿ ತಾಯಿಗೆ ಬರೆದನು. 1829ರಲ್ಲಿ ಆಕೆಯನ್ನು ವಿವಾಹವಾದ ಚಿತ್ರಕಾರ ವಿಲ್‌ಹೆಲ್ಮ್ ಹೆನ್ಸೆಲ್ ಮಾತ್ರ ಪ್ರಕಟಣೆಯನ್ನು ಬಯಸುತ್ತಿದ್ದನು.

ಮನೆಯೊಳಗೆ ಉಳಿದ ಈ ಸಂಗೀತ ಕಿರಿದಾಗಿರಲಿಲ್ಲ. ಲೈಪ್‌ಜಿಗ್ ಬೀದಿಯ ಮನೆಯಲ್ಲಿ ಆಕೆ ನಡೆಸುತ್ತಿದ್ದ ಭಾನುವಾರದ ಕಛೇರಿಗಳಿಗೆ ಲಿಸ್ಟ್‌ನಂತಹ ಕಲಾವಿದರು ಬರುತ್ತಿದ್ದರು. ಗಾಯಕವೃಂದವನ್ನು ತರಬೇತುಗೊಳಿಸಿ ನಿರ್ದೇಶಿಸುತ್ತಿದ್ದವಳೂ ಆಕೆಯೇ. ಇಟಲಿಯ ಪ್ರವಾಸದಿಂದ ಮರಳಿದ ಬಳಿಕ, 1841ರಲ್ಲಿ, ‘ದಾಸ್ ಯಾರ್’ (ವರ್ಷ) ಎಂಬ ಪಿಯಾನೋ ಕೃತಿಯನ್ನು ರಚಿಸಿದಳು. ಹನ್ನೆರಡು ತಿಂಗಳಿಗೆ ಹನ್ನೆರಡು ರಚನೆಗಳು, ಕೊನೆಗೊಂದು ಉಪಸಂಹಾರ. ಶುದ್ಧಪ್ರತಿಗೆ ಪತಿಯೇ ಚಿತ್ರಗಳನ್ನು ಬರೆದನು. ಈ ಮಹತ್ತ್ವದ ಕೃತಿ ಅಚ್ಚಾದುದು 1989ರಲ್ಲಿ. 1846ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಆಕೆ ತನ್ನ ಹೆಸರಿನಲ್ಲಿಯೇ ಮೊದಲ ಸಂಖ್ಯೆಯ ಗೀತ ಸಂಕಲನವನ್ನು ಹೊರತಂದಳು. 1847ರ ಮೇ 14ರಂದು ಕಛೇರಿಯೊಂದರ ಪೂರ್ವಾಭ್ಯಾಸದಲ್ಲಿದ್ದಾಗ ಪಾರ್ಶ್ವವಾಯುವಿಗೆ ತುತ್ತಾಗಿ ನಿಧನಳಾದಳು. ಅಷ್ಟರಲ್ಲಿ 450ಕ್ಕೂ ಹೆಚ್ಚು ಕೃತಿಗಳು ಆಕೆಯಿಂದ ರಚಿತವಾಗಿದ್ದವು. ಅವುಗಳಲ್ಲಿ ಬಹುಪಾಲು ಹಸ್ತಪ್ರತಿಯಲ್ಲಿಯೇ ಉಳಿದವು.

ಕರ್ತೃತ್ವದ ದೃಷ್ಟಿಯಿಂದ ಅತ್ಯಂತ ಗಮನಾರ್ಹವಾದುದು 1828ರ ‘ಈಸ್ಟರ್ ಸೊನಾಟಾ’. ಪಿಯಾನೋ ಒಂದಕ್ಕೇ ರಚಿತವಾದ ಇದರಲ್ಲಿ ನಾಲ್ಕು ಭಾಗಗಳಿವೆ. ಕ್ರಿಸ್ತನ ಮರಣಕಾಲದ ಭೂಕಂಪವನ್ನು ಧ್ವನಿಸುವ ಕೊನೆಯ ಭಾಗವು ಸ್ತೋತ್ರಗೀತೆಯೊಂದರ ಧಾಟಿಯಲ್ಲಿ ಶಾಂತವಾಗುತ್ತದೆ. 1970ರಲ್ಲಿ ಫ್ರಾನ್ಸಿನಲ್ಲಿ ದೊರೆತ ಇದರ ಹಸ್ತಪ್ರತಿಯ ಮೇಲೆ ‘ಎಫ್. ಮೆಂಡೆಲ್ಸನ್’ ಎಂದಿತ್ತು. ‘ಎಫ್’ ಎಂದರೆ ಫೆಲಿಕ್ಸ್ ಎಂದೇ ಭಾವಿಸಿ 1972ರಲ್ಲಿ ಆತನ ಹೆಸರಿನಲ್ಲಿ ಧ್ವನಿಮುದ್ರಿಸಲಾಯಿತು. ಫ್ಯಾನಿಯ 1829ರ ದಿನಚರಿಯಲ್ಲಿ ಈ ಸೊನಾಟಾ ತನ್ನದೆಂಬ ಉಲ್ಲೇಖವಿತ್ತು. 2010ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕಿ ಏಂಜೆಲಾ ಮೇಸ್ ಮೂಲಪ್ರತಿಯನ್ನೇ ಪರಿಶೀಲಿಸಿದರು. ಕೈಬರಹ ಫ್ಯಾನಿಯದಾಗಿತ್ತು; ಪುಟಸಂಖ್ಯೆಗಳು ಆಕೆಯ ಹಸ್ತಪ್ರತಿ ಸಂಪುಟವೊಂದರಲ್ಲಿ ಕಾಣೆಯಾಗಿದ್ದ ಪುಟಗಳಿಗೆ ಸರಿಹೊಂದಿದವು. 2017ರ ಮಾರ್ಚ್ 8ರಂದು ಕೃತಿಯು ಲಂಡನ್ನಿನಿಂದ ಬಿಬಿಸಿ ಬಾನುಲಿಯಲ್ಲಿ ಆಕೆಯ ಹೆಸರಿನಲ್ಲಿ ಪ್ರಸಾರವಾಯಿತು.

ಈ ಪ್ರಕರಣವನ್ನು ತಮ್ಮನು ಅಕ್ಕನ ಕೃತಿಗಳನ್ನು ಅಪಹರಿಸಿದ ಕತೆಯಾಗಿ ಸರಳಗೊಳಿಸುವುದು ಸಮಂಜಸವಲ್ಲ. ಗೀತೆಗಳ ವಿಷಯದಲ್ಲಿ ಹೆಸರನ್ನು ಮರೆಮಾಡಿದ್ದು ಕುಟುಂಬದ ಮರ್ಯಾದೆ. ಸೊನಾಟಾದ ವಿಷಯದಲ್ಲಿ ಹೆಸರು ಕಣ್ಣೆದುರಿಗಿದ್ದೂ ಅದನ್ನು ತಪ್ಪಾಗಿ ಓದಿದ್ದು ನಂತರದ ಕಾಲ. ಮೊದಲನೆಯದು ಹತ್ತೊಂಬತ್ತನೆಯ ಶತಮಾನದ ದೋಷವಾದರೆ ಎರಡನೆಯದು ವಿದ್ವತ್ತಿನ ದೋಷ. ಆದುದರಿಂದ ಅಲಕ್ಷಿತ ಲೇಖಕಿಯರ ಶೋಧವೆಂಬುದು ಕೇವಲ ಸಹಾನುಭೂತಿಯ ಕಾರ್ಯವಲ್ಲ, ಪ್ರಮಾಣಗಳ ಮರುಪರಿಶೀಲನೆಯ ಶಿಸ್ತು. ಸಂದಿಗ್ಧವಾದ ಅಂಕಿತವು ಎದುರಾದಾಗ ಹೆಚ್ಚು ಪ್ರಸಿದ್ಧನಾದವನಿಗೆ ಕೃತಿಯನ್ನು ಒಪ್ಪಿಸುವ ರೂಢಿಯನ್ನು ಸಂಶೋಧಕನು ಮೊದಲು ಪ್ರಶ್ನಿಸಿಕೊಳ್ಳಬೇಕಾಗುತ್ತದೆ.