ಟೈಟಾನಿಕ್ ಕಲಿಸಿದ ಪಾಠ, ಈಸ್ಟ್‌ಲ್ಯಾಂಡ್ ತೆತ್ತ ಬೆಲೆ

ಹಡಗು ದುರಂತವೆಂದೊಡನೆ ಎಲ್ಲರಿಗೂ ನೆನಪಾಗುವುದು ಟೈಟಾನಿಕ್. ಆದರೆ ಆ ದುರಂತದ ಬಳಿಕ ಪ್ರಯಾಣಿಕರ ಪ್ರಾಣ ಉಳಿಸಲೆಂದು ಕೈಗೊಂಡ ಕ್ರಮವೇ ಮೂರು ವರ್ಷಗಳ ನಂತರ ಮತ್ತೊಂದು ಹಡಗು ಮಗುಚಲು ಕಾರಣಗಳಲ್ಲೊಂದಾಯಿತು ಎಂಬ ಸಂಗತಿ ಬಹಳ ಮಂದಿಗೆ ತಿಳಿದಿಲ್ಲ.

1912ರ ಏಪ್ರಿಲ್ 14ರ ರಾತ್ರಿ ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಹಿಮಬಂಡೆಗೆ ಡಿಕ್ಕಿ ಹೊಡೆದ ಟೈಟಾನಿಕ್, ಮರುದಿನ ನಸುಕಿನಲ್ಲಿ ಮುಳುಗಿತು. ಹಡಗಿನಲ್ಲಿದ್ದವರು ಸುಮಾರು 2,200 ಮಂದಿ. ಅದರ 20 ರಕ್ಷಣಾ ದೋಣಿಗಳಲ್ಲಿ ಇದ್ದ ಸ್ಥಳ 1,178 ಮಂದಿಗೆ ಮಾತ್ರ. ಸುಮಾರು 1,500 ಮಂದಿ ಅಸುನೀಗಿದರು.

ಆದರೂ ಹಡಗು ನಿಯಮವನ್ನು ಮುರಿದಿರಲಿಲ್ಲ! ಬ್ರಿಟನ್ನಿನ ಅಂದಿನ ನಿಯಮವು ದೋಣಿಗಳ ಸಂಖ್ಯೆಯನ್ನು ಹಡಗಿನ ಗಾತ್ರದ ಮೇಲೆ ನಿಗದಿಪಡಿಸಿತ್ತೇ ಹೊರತು ಪ್ರಯಾಣಿಕರ ಸಂಖ್ಯೆಯ ಮೇಲಲ್ಲ. 10 ಸಾವಿರ ಟನ್ ಮೀರಿದ ಹಡಗುಗಳಿಗೆಲ್ಲ ಕನಿಷ್ಠ 16 ದೋಣಿಗಳೆಂಬ ಒಂದೇ ಅಳತೆ. ಟೈಟಾನಿಕ್ 46 ಸಾವಿರ ಟನ್ ಮೀರಿತ್ತು.

ಜಗತ್ತು ಎಚ್ಚೆತ್ತಿತು. 1914ರ ಜನವರಿಯಲ್ಲಿ ಲಂಡನ್ನಿನಲ್ಲಿ ಸಮುದ್ರ ಸುರಕ್ಷತೆಯ ಮೊದಲ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಬಿತ್ತು. ಹಡಗಿನಲ್ಲಿರುವ ಪ್ರತಿಯೊಬ್ಬರಿಗೂ ದೋಣಿಯಲ್ಲಿ ಸ್ಥಳವಿರಬೇಕೆಂಬುದು ಅದರ ಮುಖ್ಯ ತತ್ವಗಳಲ್ಲೊಂದು. 1915ರ ಮಾರ್ಚ್‌ನಲ್ಲಿ ಅಮೆರಿಕವೂ ನಾವಿಕರ ಕಾಯಿದೆಯ ಮೂಲಕ ದೋಣಿಗಳ ಪ್ರಮಾಣವನ್ನು ಹೆಚ್ಚಿಸಿತು.

ದಡದಲ್ಲೇ ಜಲಸಮಾಧಿ

ಅಮೆರಿಕದ ಮಹಾ ಸರೋವರಗಳಲ್ಲಿ ವಿಹಾರಕ್ಕೆ ಬಳಕೆಯಾಗುತ್ತಿದ್ದ ಈಸ್ಟ್‌ಲ್ಯಾಂಡ್ ಹಡಗಿಗೆ ಮೊದಲಿನಿಂದಲೂ ವಾಲುವ ದೋಷವಿತ್ತು. 1904ರಲ್ಲಿಯೇ ಒಮ್ಮೆ ಮಗುಚುವುದರಿಂದ ಅದು ಸ್ವಲ್ಪದರಲ್ಲಿ ಪಾರಾಗಿತ್ತು. 1915ರ ಜುಲೈ ಆರಂಭದಲ್ಲಿ ಅದರ ಮೇಲ್ಭಾಗಕ್ಕೆ ಇನ್ನಷ್ಟು ದೋಣಿ, ತೆಪ್ಪಗಳನ್ನು ಏರಿಸಲಾಯಿತು. ದೋಣಿಗಳು ಹೆಚ್ಚಿದಂತೆ ಪ್ರಯಾಣಿಕರ ಪರವಾನಗಿಯೂ ಹೆಚ್ಚಿತು.

ಜುಲೈ 24ರ ಬೆಳಿಗ್ಗೆ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿಯ ನೌಕರರು ಕುಟುಂಬ ಸಮೇತ ವಿಹಾರಕ್ಕೆಂದು ಷಿಕಾಗೋ ನದಿಯ ದಡದಲ್ಲಿ ಈ ಹಡಗು ಹತ್ತಿದರು. 2,500ಕ್ಕೂ ಹೆಚ್ಚು ಜನ ತುಂಬಿದ್ದ ಹಡಗು ಅತ್ತಿತ್ತ ತೂಗಾಡಿ, ಏಳೂವರೆಯ ಸುಮಾರಿಗೆ ಪಕ್ಕಕ್ಕೆ ಉರುಳಿಬಿತ್ತು. ಬಿರುಗಾಳಿಯಿರಲಿಲ್ಲ, ಹಿಮಬಂಡೆಯಿರಲಿಲ್ಲ, ದಡ ಕೆಲವೇ ಅಡಿಗಳ ದೂರದಲ್ಲಿತ್ತು. ಸತ್ತವರು 844 ಮಂದಿ. ಅವರಲ್ಲಿ ಇಡೀ ಕುಟುಂಬಗಳೇ ಸೇರಿದ್ದವು. ಪ್ರಾಣ ಉಳಿಸಲೆಂದು ಇಟ್ಟ ದೋಣಿಗಳನ್ನು ಇಳಿಸಲು ಸಮಯವೇ ಸಿಗಲಿಲ್ಲ.

ಕಾರಣವೇನು?

ತುಂಬಿದ ಹರಿಗೋಲಿನಲ್ಲಿ ಕುಳಿತವರೆಲ್ಲ ಒಮ್ಮೆಲೇ ಎದ್ದು ನಿಂತರೆ ಏನಾದೀತೆಂಬುದನ್ನು ಊಹಿಸುವುದು ಕಷ್ಟವಲ್ಲ. ಭಾರ ಮೇಲೇರಿದಷ್ಟೂ ಗುರುತ್ವ ಕೇಂದ್ರ ಮೇಲೇರುತ್ತದೆ; ವಾಲಿದ ಹಡಗು ಮತ್ತೆ ನೆಟ್ಟಗಾಗುವ ಶಕ್ತಿ ಕುಗ್ಗುತ್ತದೆ. ಈ ಸಮತೋಲ ಕಾಯಲು ತಳದ ತೊಟ್ಟಿಗಳಿಗೆ ನೀರು ತುಂಬುವ ವ್ಯವಸ್ಥೆ ಈಸ್ಟ್‌ಲ್ಯಾಂಡ್‌ನಲ್ಲಿತ್ತು. ಆದರೆ ಅಂದು ಅದು ನೆರವಿಗೆ ಬರಲಿಲ್ಲ. ಹೊಸ ದೋಣಿಗಳೊಂದೇ ದುರಂತಕ್ಕೆ ಕಾರಣವಲ್ಲ. ಮೊದಲೇ ದುರ್ಬಲವಾಗಿದ್ದ ಹಡಗಿಗೆ ಅವು ಹೆಚ್ಚುವರಿ ಭಾರವಾದವು. ದೋಣಿಗಳನ್ನು ಎಣಿಸಲಾಯಿತು, ಹಡಗು ಅವುಗಳನ್ನು ಹೊರಬಲ್ಲದೇ ಎಂದು ಪರೀಕ್ಷಿಸಲಿಲ್ಲ.

ಇದು ಶತಮಾನದ ಹಿಂದಿನ ಕಥೆ ಮಾತ್ರವಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ 'ಜಲಕನ್ಯಕಾ' ಪ್ರವಾಸಿ ದೋಣಿ ಮಗುಚಿ 45 ಮಂದಿ ಮೃತಪಟ್ಟರು. ಕಾಡುಪ್ರಾಣಿಗಳನ್ನು ನೋಡಲು ಪ್ರವಾಸಿಗರು ಒಂದೇ ಬದಿಗೆ ಸೇರಿದ್ದು ಕಾರಣವೆಂದು ಆಗ ವರದಿಯಾಗಿತ್ತು.

ಸಮುದ್ರ ಸುರಕ್ಷತೆಯ ನಿಯಮಗಳಲ್ಲಿ ಬಹುಪಾಲು ಇಂತಹ ಸಾವುಗಳ ನಂತರವೇ ರೂಪುಗೊಂಡಿವೆ. ಹಿಂದಿನ ದುರಂತಕ್ಕೆ ಉತ್ತರ ಹುಡುಕುವುದು ಅಗತ್ಯ. ಆದರೆ ಆ ಉತ್ತರವೇ ಮುಂದಿನ ದುರಂತಕ್ಕೆ ದಾರಿಯಾದೀತೇ ಎಂದು ಕೇಳಿಕೊಳ್ಳುವುದೂ ಅಷ್ಟೇ ಅಗತ್ಯ ಎಂಬುದಕ್ಕೆ ಈಸ್ಟ್‌ಲ್ಯಾಂಡ್ ಸಾಕ್ಷಿಯಾಗಿದೆ.